ಟಿ.ವಿ. ಪಕ್ಕದ ಕಂಪ್ಯೂಟರಿಗೆ ಹಣ ಎಲ್ಲಿ ಸುರಿಯಬೇಕು?

ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು ಈಗ ಓಮನ ನಿಯಮದ ಸಂದೇಹಗಳನ್ನು ಕೇಳುವುದಿಲ್ಲ. "ಸಾರ್, ಟಿ.ವಿ.ಗೆ ಜೋಡಿಸಿ ಸಿನಿಮಾ ನೋಡಲು ಕಡಿಮೆ ಖರ್ಚಿನಲ್ಲಿ ಒಂದು ಕಂಪ್ಯೂಟರ್ ಮಾಡಿಸಬೇಕು, ಯಾವ ಗ್ರಾಫಿಕ್ಸ್ ಕಾರ್ಡ್ ಹಾಕಿಸಲಿ?" ಎನ್ನುತ್ತಾರೆ. ಯಾವ ಕಾರ್ಡೂ ಬೇಡ ಎಂದರೆ ಮೇಷ್ಟ್ರು ಜಿಪುಣರಾದರೆಂದು ಭಾವಿಸುತ್ತಾರೆ.

ಅಡಕಗೊಳಿಸಿದ ಚಿತ್ರವನ್ನು ಬಿಡಿಸಿ ತೋರಿಸುವುದಕ್ಕೆಂದೇ ಮೀಸಲಾದ ಮಂಡಲವು ಇಂದಿನ ಬಹುಪಾಲು ಪ್ರೊಸೆಸರುಗಳ ಒಳಗೇ ಇರುತ್ತದೆ. 2023ರಲ್ಲಿ ಬಂದ ಇಂಟೆಲ್ ಎನ್100 ಕೇವಲ 6 ವಾಟ್ ವರ್ಗದ್ದು, ಆದರೂ ಎಚ್.ಇ.ವಿ.ಸಿ. ಮತ್ತು ಎ.ವಿ.1 ಬಗೆಯ 4ಕೆ ಚಿತ್ರಗಳನ್ನು ತಡವರಿಸದೆ ತೋರಿಸುತ್ತದೆ. ಇನ್ನೂ ಅಗ್ಗ ಬೇಕಾದವರು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಚೇರಿಗಳಿಂದ ಬಂದ ಹಳೆಯ ಚಿಕ್ಕ ಡೆಸ್ಕ್‌ಟಾಪುಗಳನ್ನು ನೋಡಬಹುದು. ಆದರೆ ಇಂಟೆಲ್‌ನ 7ನೆಯ ಪೀಳಿಗೆಗಿಂತ ಹಳೆಯದನ್ನು ಮುಟ್ಟಬೇಡಿ, ಎ.ವಿ.1 ಕೂಡ ಬೇಕೆಂದರೆ 11ನೆಯದಾಗಬೇಕು. ರ‍್ಯಾಮ್ 8 ಜಿ.ಬಿ. ಸಾಕು. ತಂತ್ರಾಂಶಕ್ಕೆ ಉಚಿತವಾದ ಕೋಡಿ ಇದೆ. (ಕೆರೆ ಕೋಡಿ ಬೀಳುವುದನ್ನು ಕಾಣಲು ವರ್ಷಗಟ್ಟಲೆ ಕಾಯುವ ನಮ್ಮ ಜಿಲ್ಲೆಯವರಿಗೆ ಆ ಹೆಸರೇ ಹಿತ!) ಓ.ಟಿ.ಟಿ. ಮಾತ್ರ ನೋಡುವವರಿಗಾದರೋ ಈ ಕಂಪ್ಯೂಟರೇ ಬೇಡ, ಟಿ.ವಿ.ಗೆ ಸಿಕ್ಕಿಸುವ ಸ್ಟಿಕ್ ಸಾಕು.

ಕರೆಂಟಿನ ಲೆಕ್ಕವನ್ನೂ ಮಾಡಿ ನೋಡಿ. 100 ವಾಟ್ ಎಳೆಯುವ ಯಂತ್ರದ ಬದಲು 20 ವಾಟಿನದನ್ನು ದಿನಕ್ಕೆ ನಾಲ್ಕು ಗಂಟೆ ಓಡಿಸಿದರೆ ವರ್ಷಕ್ಕೆ ಸುಮಾರು 117 ಯೂನಿಟ್ ಉಳಿತಾಯ.

ಹೀಗೆ ಉಳಿದ ಹಣದಲ್ಲಿ ಮೊದಲು ಯು.ಪಿ.ಎಸ್. ಕೊಳ್ಳಿ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿದದ್ದು 1902ರಲ್ಲಿ, ಬೆಂಗಳೂರಿಗಿಂತಲೂ ಮೂರು ವರ್ಷ ಮೊದಲು. ಆ ಹೆಮ್ಮೆ ನಮಗಿದೆ. ಆದರೆ ಬೇಸಗೆಯ ಸಂಜೆ ಊರಿನ ಕೊಳವೆಬಾವಿ ಮೋಟಾರುಗಳೆಲ್ಲ ಒಟ್ಟಿಗೆ ಎದ್ದಾಗ ನನ್ನ ಮನೆಯ ದೀಪ ಮಿಣುಕುವುದೂ ಅಷ್ಟೇ ನಿಜ. ಬರೆಯುತ್ತಿರುವ ಡಿಸ್ಕಿಗೆ ಹಠಾತ್ತನೆ ವಿದ್ಯುತ್ತು ನಿಂತರೆ ಕಡತಗಳು ಕೆಡುವ ಅಪಾಯವಿದೆ. ಬಿಡಿಭಾಗಗಳನ್ನು ಜೋಡಿಸಿ ಮಾಡಿಸುವವರು ಹೆಸರಿಲ್ಲದ ಅಗ್ಗದ ಎಸ್.ಎಂ.ಪಿ.ಎಸ್. ಅನ್ನೂ ಒಪ್ಪಿಕೊಳ್ಳಬಾರದು.

ಇಷ್ಟು ಹೇಳಿದ ಮೇಲೂ, ಯಾರೂ ನನ್ನನ್ನು ಕೇಳದ ಭಾಗವೊಂದಿದೆ: ಯು.ಎಸ್.ಬಿ.ಗೆ ಜೋಡಿಸುವ ಡಿ.ವಿ.ಡಿ. ಡ್ರೈವ್. ನಿಮ್ಮ ಮದುವೆ, ನಿಮ್ಮ ತಂಗಿಯ ಸೀಮಂತ, ಅಜ್ಜಿಯ ಮಾತು, ಎಲ್ಲವೂ ಅಟ್ಟದ ಟ್ರಂಕಿನ ಡಿ.ವಿ.ಡಿ.ಗಳಲ್ಲಿವೆ. ಸ್ಟುಡಿಯೋದವರು ಬರೆದುಕೊಟ್ಟ ಆ ತಟ್ಟೆಗಳ ಬಣ್ಣದ ಪದರ ಸೆಕೆಗೆ, ಬೆಳಕಿಗೆ ಮಾಸುತ್ತದೆ. ಕ್ಯಾಸೆಟ್ಟುಗಳ ಗತಿ ಇನ್ನೂ ಕಷ್ಟ; ಜಪಾನಿನ ಫುನಾಯ್ ಕಂಪನಿ 2016ರಲ್ಲಿ ವಿ.ಸಿ.ಆರ್. ತಯಾರಿಕೆಯನ್ನೇ ನಿಲ್ಲಿಸಿತು.

ನನ್ನ ಬಳಿ ಶಾಲಾ ವಾರ್ಷಿಕೋತ್ಸವದ ಹಳೆಯ ಕ್ಯಾಸೆಟ್ ಒಂದಿದೆ. ಅದರಲ್ಲಿ ದುರ್ಯೋಧನನ ವೇಷ ಹಾಕಿ, ಗದೆ ಜಾರಿಬಿದ್ದರೂ ಮಾತು ನಿಲ್ಲಿಸದೆ ಅಬ್ಬರಿಸುವ ಹುಡುಗ ಮೂವತ್ತು ತುಂಬುವ ಮೊದಲೇ ತೀರಿಕೊಂಡ. ಅವನ ದನಿ ಉಳಿದಿರುವುದು ಅಲ್ಲಿ ಮಾತ್ರ. ವರ್ಷಕ್ಕೊಮ್ಮೆ ಅವನ ತಾಯಿ ನಮ್ಮ ಮನೆಗೆ ಬರುತ್ತಾರೆ. ಈಗ ಟಿ.ವಿ.ಯಲ್ಲೇ ತೋರಿಸುತ್ತೇನೆ; ಆಕೆ ಗದೆ ಬೀಳುವ ಜಾಗಕ್ಕೆ ನಗುತ್ತಾರೆ, "ಇನ್ನೊಂದು ಸಲ ಹಾಕಿ ಮೇಷ್ಟ್ರೇ" ಎನ್ನುತ್ತಾರೆ. ಇದಕ್ಕೆ ಯಾವ ಗ್ರಾಫಿಕ್ಸ್ ಕಾರ್ಡೂ ಬೇಕಾಗಲಿಲ್ಲ.

ಆದ್ದರಿಂದ ಹಾರ್ಡ್ ಡಿಸ್ಕ್ ಒಂದಲ್ಲ, ಎರಡು ಕೊಳ್ಳಿ. 4.7 ಜಿ.ಬಿ.ಯ ಡಿ.ವಿ.ಡಿ.ಗಳು ಭರ್ತಿಯಾಗಿದ್ದರೂ 1 ಟಿ.ಬಿ. ಡಿಸ್ಕಿನಲ್ಲಿ 200ಕ್ಕೂ ಹೆಚ್ಚು ಹಿಡಿಯುತ್ತವೆ. ನಮ್ಮಂಥ ಸಂಸಾರಕ್ಕೆ ಧಾರಾಳ. ಒಂದು ಕಂಪ್ಯೂಟರಿನಲ್ಲಿರಲಿ, ಮತ್ತೊಂದು ಅಣ್ಣತಮ್ಮಂದಿರ ಮನೆಯಲ್ಲಿರಲಿ.

ನನ್ನ ವಿ.ಸಿ.ಆರ್. ಇನ್ನೂ ಓಡುತ್ತಿದೆ. ಕ್ಯಾಸೆಟ್ ಇರುವವರು ಭಾನುವಾರ ಬೆಳಗ್ಗೆ ಕೋಲಾರದ ಮನೆಗೆ ತನ್ನಿ, ಜೊತೆಗೆ ನಿಮ್ಮದೇ ಡಿಸ್ಕನ್ನೂ ತನ್ನಿ. ಎರಡು ಗಂಟೆಯ ಕ್ಯಾಸೆಟ್ ಇಳಿಸಲು ಪೂರಾ ಎರಡು ಗಂಟೆ ಬೇಕಾಗುವುದರಿಂದ ತಿಂಡಿ ಇಲ್ಲೇ.