ಕಲ್ಲು ಹೋದರೂ ಕಿರಣದ ಲೆಕ್ಕ ಉಳಿಯುತ್ತದೆ

ಕಿಡ್ನಿ ಕಲ್ಲಿನ ನೋವು ಬಂದವರನ್ನು ವೈದ್ಯರು ಬರೀ ಕೈಯಿಂದ ಮುಟ್ಟಿ ನೋಡಿ ಚಿಕಿತ್ಸೆ ಕೊಡಲಾರರು. ಕಲ್ಲು ಎಲ್ಲಿದೆ, ಎಷ್ಟು ದೊಡ್ಡದು, ಮೂತ್ರನಾಳವನ್ನು ಕಟ್ಟಿಹಾಕಿದೆಯೇ ಎಂಬುದು ಕಣ್ಣಿಗೆ ಕಾಣಲೇಬೇಕು. ಎಕ್ಸ್‌ರೇ ಮತ್ತು ಸಿ.ಟಿ. ಸ್ಕ್ಯಾನ್ ಅದನ್ನು ಕಾಣಿಸುವುದು ದೇಹದ ಮೂಲಕ ವಿಕಿರಣ ಹಾಯಿಸಿ. ಒಂದು ಸಲಕ್ಕೆ ಅದು ದೊಡ್ಡ ಅಪಾಯವಲ್ಲ. ಆದರೆ ಕಲ್ಲಿನ ಕಾಯಿಲೆ ಒಂದು ಸಲಕ್ಕೆ ಮುಗಿಯುವಂಥದ್ದಲ್ಲ. ಒಮ್ಮೆ ಕಲ್ಲಾದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹತ್ತು ವರ್ಷದೊಳಗೆ ಮತ್ತೆ ಕಲ್ಲಾಗುತ್ತದೆ. ಹಾಗಾದರೆ ಒಬ್ಬ ರೋಗಿಯ ಮೈಮೇಲೆ ಬೀಳುವ ವಿಕಿರಣದ ಒಟ್ಟು ಮೊತ್ತವನ್ನು ಲೆಕ್ಕ ಇಡಬೇಕಾದವರು ಯಾರು?

ಹನೂರು ತಾಲ್ಲೂಕಿನ ಶಾಗ್ಯದಂಥ ಊರಿನಿಂದ ನೋಡಿದರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ಬಿಸಿಲಿನಲ್ಲಿ ಹೊಲಗೆಲಸ ಮಾಡುವವರು ಬೆವರಿನಲ್ಲಿ ಕಳೆದುಕೊಂಡಷ್ಟು ನೀರನ್ನು ಕುಡಿಯುವುದಿಲ್ಲ. ಮೂತ್ರ ಗಟ್ಟಿಯಾದಷ್ಟೂ ಕಲ್ಲಿಗೆ ಅನುಕೂಲ. ನಡುರಾತ್ರಿ ಸೊಂಟ ಹಿಡಿದುಕೊಂಡರೆ ಮೊದಲು ಹನೂರಿಗೆ, ಅಲ್ಲಿಂದ ಕೊಳ್ಳೇಗಾಲಕ್ಕೆ, ಆಮೇಲೆ ಚಾಮರಾಜನಗರಕ್ಕೋ ಮೈಸೂರಿಗೋ ಹೋಗಬೇಕು. ಒಂದೆಡೆ ಎಕ್ಸ್‌ರೇ, ಮತ್ತೊಂದೆಡೆ ಸಿ.ಟಿ. ಆಗುತ್ತದೆ. ಹಳೆಯ ಫಿಲಂ ಮನೆಯಲ್ಲಿ ಉಳಿದಿದ್ದರೆ, ರಿಪೋರ್ಟ್ ಕಳೆದಿದ್ದರೆ, ಮೂರನೆಯ ಕಡೆ ಇನ್ನೊಂದು ಸಿ.ಟಿ. ಬರೆಯುತ್ತಾರೆ. ಹೀಗೆ ಊರು ದಾಟಿದಂತೆಲ್ಲ ಕಿರಣದ ಮೊತ್ತ ಏರುತ್ತದೆ, ಕಾಯಿಲೆಯ ಬಗ್ಗೆ ಹೊಸದೇನೂ ತಿಳಿಯುವುದಿಲ್ಲ.

ಅಂಕಿಗಳನ್ನು ನೋಡೋಣ. ಮಣ್ಣು, ಕಲ್ಲು, ಗಾಳಿ, ಆಕಾಶದಿಂದ ನಮಗೆ ಸಹಜವಾಗಿ ತಗಲುವ ವಿಕಿರಣ ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್. ಹೊಟ್ಟೆಯ ಒಂದು ಎಕ್ಸ್‌ರೇಯಿಂದ ಬರುವುದು ಒಂದು ಮಿಲಿಸೀವರ್ಟ್‌ನ ಆಸುಪಾಸು. ಹೊಟ್ಟೆ ಮತ್ತು ಕಿಬ್ಬೊಟ್ಟೆಯ ಸಾಮಾನ್ಯ ಸಿ.ಟಿ.ಯಿಂದ ಬರುವುದು ಸುಮಾರು 10. ಅಂದರೆ ನಾಲ್ಕು ವರ್ಷಗಳ ಸಹಜ ವಿಕಿರಣ ಕೆಲವೇ ಸೆಕೆಂಡುಗಳಲ್ಲಿ. ಔಷಧ ಚುಚ್ಚಿ ಎರಡು ಮೂರು ಸುತ್ತು ತೆಗೆಯುವ ಸಿ.ಟಿ.ಯಲ್ಲಿ ಇದು ಇನ್ನೂ ಹೆಚ್ಚು. ಬರೀ ಕಲ್ಲು ಹುಡುಕಲು ಅಷ್ಟೆಲ್ಲ ಬೇಕಿಲ್ಲ, ಔಷಧವಿಲ್ಲದ ಒಂದು ಸುತ್ತು ಸಾಕು.

ಇಷ್ಟು ಸಣ್ಣ ಪ್ರಮಾಣಕ್ಕೆ ಇಷ್ಟು ಚಿಂತೆ ಏಕೆ ಎಂದು ಕೆಲವರು ಕೇಳುತ್ತಾರೆ. ಕೇಳುವುದು ನ್ಯಾಯವೇ. ಹಿರೋಷಿಮಾ, ನಾಗಸಾಕಿಗಳಲ್ಲಿ ಬದುಕುಳಿದವರನ್ನು ದಶಕಗಳ ಕಾಲ ಗಮನಿಸಿದಾಗ ಕ್ಯಾನ್ಸರ್ ಹೆಚ್ಚಳ ಸ್ಪಷ್ಟವಾಗಿ ಕಂಡದ್ದು ಸುಮಾರು 100 ಮಿಲಿಸೀವರ್ಟ್ ಮೇಲೆ. ಅದಕ್ಕಿಂತ ಕೆಳಗಿನ ಅಪಾಯದ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಚರ್ಚೆಯಿದೆ. ಆದರೆ ಕಲ್ಲು ಹೆಚ್ಚಾಗಿ ಕಾಡುವುದು ದುಡಿಯುವ ಪ್ರಾಯದವರನ್ನು. ಅವರ ಮುಂದೆ ಇನ್ನೂ ಮೂವತ್ತು ನಲವತ್ತು ವರ್ಷಗಳಿವೆ. ಹತ್ತು ಹತ್ತರಂತೆ ಕೂಡುತ್ತ ಹೋದರೆ ನೂರು ದೂರವೇನಲ್ಲ. ಲಾಭವಿಲ್ಲದ ಕಡೆ ಸಣ್ಣ ಅಪಾಯವನ್ನೂ ಹೊರಿಸಬಾರದು ಎಂಬುದು ವೈದ್ಯಧರ್ಮ.

ಕಡಿಮೆ ಮಾಡುವ ದಾರಿ ತೆರೆದೇ ಇದೆ. ಅಲ್ಟ್ರಾಸೌಂಡ್‌ನಲ್ಲಿ ವಿಕಿರಣವೇ ಇಲ್ಲ. ಅಮೆರಿಕದ 15 ತುರ್ತು ಚಿಕಿತ್ಸಾ ಘಟಕಗಳಲ್ಲಿ 2,759 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲು ಅಲ್ಟ್ರಾಸೌಂಡ್ ಮಾಡಿಸಿಕೊಂಡವರಿಗೂ ಮೊದಲೇ ಸಿ.ಟಿ. ಮಾಡಿಸಿಕೊಂಡವರಿಗೂ ಗಂಭೀರ ತೊಡಕುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಲ್ಟ್ರಾಸೌಂಡ್‌ನಿಂದ ಶುರುಮಾಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸಿ.ಟಿ. ಬೇಕಾಗಲೇ ಇಲ್ಲ. ಮೂತ್ರನಾಳದ ಸಣ್ಣ ಕಲ್ಲು ಅಲ್ಟ್ರಾಸೌಂಡ್‌ಗೆ ಎಷ್ಟೋ ಸಲ ತಪ್ಪಿಹೋಗುತ್ತದೆ, ನಿಜ. ಆದರೆ ಮೂತ್ರಪಿಂಡ ಊದಿಕೊಂಡಿರುವುದು ಅದಕ್ಕೆ ಕಾಣುತ್ತದೆ. ಕಲ್ಲು ಕಾಣದಿದ್ದರೂ ತಡೆ ಇದೆಯೆಂದು ತಿಳಿಯುತ್ತದೆ. ಐದು ಮಿಲಿಮೀಟರ್‌ಗಿಂತ ಸಣ್ಣ ಕಲ್ಲುಗಳಲ್ಲಿ ಹೆಚ್ಚಿನವು ತಾವಾಗಿಯೇ ಇಳಿದುಹೋಗುತ್ತವೆ. ಸಿ.ಟಿ. ಬೇಕೇ ಬೇಕೆಂದಾಗಲೂ ಕಡಿಮೆ ಪ್ರಮಾಣದ ಸಿ.ಟಿ. ಮಾಡಿಸಬಹುದು. ಮೂರು ಮಿಲಿಸೀವರ್ಟ್ ಆಸುಪಾಸಿನಲ್ಲೇ, ತೀರಾ ದಪ್ಪ ಇಲ್ಲದವರಲ್ಲಿ, ಕಲ್ಲು ಬಹುಮಟ್ಟಿಗೆ ಸರಿಯಾಗಿ ಕಾಣುತ್ತದೆ. ಕಲ್ಲು ಪುಡಿಮಾಡಿದ ಮೇಲೆ ಏನುಳಿಯಿತೆಂದು ನೋಡಲು ಅಲ್ಟ್ರಾಸೌಂಡ್ ಮತ್ತು ಒಂದು ಎಕ್ಸ್‌ರೇ ಬಹಳಷ್ಟು ಮಂದಿಗೆ ಸಾಕು.

ಆಪರೇಷನ್ ಕೋಣೆಯಲ್ಲೂ ಇದೇ ಮಾತು. ಬೆನ್ನಿನಿಂದ ರಂಧ್ರ ಮಾಡಿ ಕಲ್ಲು ತೆಗೆಯುವಾಗ, ಮೂತ್ರನಾಳದೊಳಗೆ ದುರ್ಬೀನು ತೂರಿಸುವಾಗ, ಸ್ಟೆಂಟ್ ಇಡುವಾಗ ಎಕ್ಸ್‌ರೇ ಯಂತ್ರ ನಡುನಡುವೆ ಬೆಳಗುತ್ತದೆ. ಪೆಡಲನ್ನು ಒತ್ತಿ ಹಿಡಿಯದೆ ಬಿಟ್ಟು ಬಿಟ್ಟು ಚಿತ್ರ ತೆಗೆಯುವುದು, ಕೊನೆಯ ಚಿತ್ರವನ್ನು ಪರದೆಯಲ್ಲಿ ನಿಲ್ಲಿಸಿಕೊಂಡು ಕೆಲಸ ಮುಂದುವರಿಸುವುದು, ಬೇಕಾದಷ್ಟೇ ಜಾಗಕ್ಕೆ ಕಿರಣವನ್ನು ಕಿರಿದುಗೊಳಿಸುವುದು: ಇವಕ್ಕೆ ಹೊಸ ಯಂತ್ರ ಬೇಕಿಲ್ಲ, ಅಭ್ಯಾಸ ಬೇಕು. ಇದರಿಂದ ರೋಗಿಯ ಜತೆಗೆ ದಿನವೂ ಅಲ್ಲೇ ನಿಲ್ಲುವ ವೈದ್ಯರು, ನರ್ಸ್‌ಗಳು, ತಂತ್ರಜ್ಞರೂ ಹೆಚ್ಚಿನ ಕಿರಣದಿಂದ ಪಾರಾಗುತ್ತಾರೆ.

ಈ ಸಿಬ್ಬಂದಿಯ ವಿಕಿರಣಕ್ಕೆ ನಮ್ಮಲ್ಲಿ ಲೆಕ್ಕವಿದೆ. 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಅವರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮಿತಿ ಹಾಕಿದೆ. ಎದೆಯ ಮೇಲಿನ ಬ್ಯಾಡ್ಜ್ ಅದನ್ನು ಅಳೆಯುತ್ತದೆ. ರೋಗಿಗೆ ಮಿತಿಯಿಲ್ಲ. ಅದಕ್ಕೆ ಸರಿಯಾದ ಕಾರಣವಿದೆ: ಕಿರಣದ ಲಾಭವೂ ಅವನದೇ, ಜೀವ ಉಳಿಸುವ ಪರೀಕ್ಷೆಯನ್ನು ಅಂಕಿಯೊಂದು ತಡೆಯಬಾರದು. ಆದರೆ ಮಿತಿ ಇಲ್ಲವೆಂದರೆ ಲೆಕ್ಕವೂ ಬೇಡವೆಂದಲ್ಲ. ಎಲ್ಲವೂ ವೈದ್ಯರ ವಿವೇಚನೆಗೆ ಬಿಟ್ಟದ್ದರಿಂದಲೇ ಆ ವಿವೇಚನೆಗೆ ಹಿಂದಿನ ಲೆಕ್ಕ ಕಣ್ಣ ಮುಂದೆ ಇರಬೇಕು. ಪ್ರತಿ ಸಿ.ಟಿ.ಯ ಪ್ರಮಾಣವನ್ನು ಯಂತ್ರವೇ ತೋರಿಸುತ್ತದೆ. ಅದನ್ನು ರಿಪೋರ್ಟಿನಲ್ಲಿ ಒಂದು ಸಾಲಾಗಿ ಬರೆದುಕೊಡಲು ಖರ್ಚಿಲ್ಲ. 2021ರಲ್ಲಿ ದೇಶದಾದ್ಯಂತ ಶುರುವಾದ ಡಿಜಿಟಲ್ ಆರೋಗ್ಯ ದಾಖಲೆಯಲ್ಲಿ ಚಿತ್ರವೂ ಪ್ರಮಾಣವೂ ಸೇರಿದರೆ ಕೊಳ್ಳೇಗಾಲದಲ್ಲಿ ತೆಗೆದದ್ದನ್ನು ಮೈಸೂರಿನಲ್ಲಿ ನೋಡಬಹುದು.

ಇದನ್ನು ರೋಗಿಯ ಜಾಗೃತಿಗೇ ಬಿಟ್ಟುಬಿಡುವುದು ಅನ್ಯಾಯ. ನೋವಿನಲ್ಲಿ ಹೊರಳಾಡುವವರು ವೈದ್ಯರನ್ನು ಎದುರು ಪ್ರಶ್ನಿಸುವ ಸ್ಥಿತಿಯಲ್ಲಿ ಇರುವುದಿಲ್ಲ. ಮೊದಲು ಅಲ್ಟ್ರಾಸೌಂಡ್ ಸಿಗುವುದೂ ಅವರ ಕೈಯಲ್ಲಿಲ್ಲ. ಹೆಣ್ಣು ಭ್ರೂಣಹತ್ಯೆ ತಡೆಯಲು 1994ರಲ್ಲಿ ಬಂದ ಕಾಯ್ದೆಯಿಂದಾಗಿ ಅಲ್ಟ್ರಾಸೌಂಡ್ ಯಂತ್ರವನ್ನು ನೋಂದಾಯಿತ ಸ್ಥಳದಲ್ಲಿ, ಅರ್ಹರೇ ಬಳಸಬೇಕು. ಆ ಕಟ್ಟುನಿಟ್ಟು ಬೇಕೇ ಬೇಕು. ಆದ್ದರಿಂದ ಹನೂರಿನಂಥ ತಾಲ್ಲೂಕು ಕೇಂದ್ರಗಳ ಆಸ್ಪತ್ರೆಗಳಲ್ಲಿ ರಾತ್ರಿಯೂ ಸ್ಕ್ಯಾನ್ ಮಾಡಬಲ್ಲ ತಜ್ಞರನ್ನು ಇರಿಸುವುದು ಸರ್ಕಾರದ ಕರ್ತವ್ಯ. ಅಲ್ಲಿ ಅಲ್ಟ್ರಾಸೌಂಡ್ ಸಿಗದಿದ್ದರೆ ಮುಂದಿನ ಊರಿನಲ್ಲಿ ಸಿ.ಟಿ.ಯೇ ಗತಿ.

ಒಂದು ಎಚ್ಚರಿಕೆ. ಜ್ವರ, ಚಳಿ ಬಂದಿದ್ದರೆ, ಇರುವುದು ಒಂದೇ ಮೂತ್ರಪಿಂಡವಾದರೆ, ಮೂತ್ರವೇ ನಿಂತಿದ್ದರೆ, ವೈದ್ಯರು ಹೇಳಿದ ಸಿ.ಟಿ.ಯನ್ನು ವಿಕಿರಣಕ್ಕೆ ಹೆದರಿ ಬೇಡವೆನ್ನಬಾರದು. ಅಲ್ಲಿ ತಡಮಾಡಿದರೆ ಜೀವಕ್ಕೇ ಅಪಾಯ. ಗರ್ಭಿಣಿಯರು ಮತ್ತು ಮಕ್ಕಳ ವಿಷಯದಲ್ಲಂತೂ ಅಲ್ಟ್ರಾಸೌಂಡ್‌ನಿಂದಲೇ ಶುರುಮಾಡಬೇಕು.

ಕಿರಣವನ್ನು ತಗ್ಗಿಸುವ ಮೊದಲ ಉಪಾಯ ಕಲ್ಲು ಮರುಕಳಿಸದಂತೆ ನೋಡಿಕೊಳ್ಳುವುದು. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಬೇಕು, ಉಪ್ಪು ತಗ್ಗಿಸಬೇಕು. ಎರಡನೆಯದು, ಹಳೆಯ ಫಿಲಂ, ರಿಪೋರ್ಟುಗಳನ್ನು ಒಂದೇ ಚೀಲದಲ್ಲಿಟ್ಟು ಪ್ರತಿ ಆಸ್ಪತ್ರೆಗೂ ಒಯ್ಯುವುದು. ಇವೆರಡು ರೋಗಿಯ ಕೈಯಲ್ಲಿವೆ. ಸಿ.ಟಿ. ಬರೆಯುವ ಮುನ್ನ ಆ ಚೀಲವನ್ನು ಬಿಚ್ಚಿ ನೋಡುವುದು ವೈದ್ಯರ ಹೊಣೆ. ಪ್ರಮಾಣವನ್ನು ರಿಪೋರ್ಟಿನಲ್ಲಿ ಬರೆಯುವುದನ್ನು ಕಡ್ಡಾಯ ಮಾಡುವುದು ಸರ್ಕಾರದ ಹೊಣೆ. ಸಿಬ್ಬಂದಿಗೆ ನಾವು ಕೊಟ್ಟಿರುವ ಲೆಕ್ಕದ ರಕ್ಷಣೆ ಶಾಗ್ಯದ ಕೂಲಿಕಾರರಿಗೂ ಸಿಗಬೇಕು.