ಅಗಲ ಗೇಟಿಗೆ ಹಿಡಿತ ಮುಖ್ಯ

ಹಳ್ಳಿ ಮನೆಗೆ ಇಷ್ಟು ಅಗಲದ ಗೇಟು ಯಾಕೆ ಅಂತ ಬೆಂಗಳೂರಿಂದ ಬಂದ ನೆಂಟರು ಕೇಳ್ತಾರೆ. ಇದಕ್ಕೆ ಕಾರಣ ನಮ್ಮ ರಸ್ತೆ. ಹನ್ನೆರಡು ಅಡಿ ಬೀದಿಯಿಂದ ಟ್ರ್ಯಾಕ್ಟರ್, ಟ್ರೇಲರ್ ಎರಡೂ ತಿರುಗಿ ಒಳಗೆ ಬರಬೇಕು ಅಂದರೆ ಹತ್ತಡಿ ಗೇಟು ಸಾಲದು. ರಸ್ತೆ ಕಿರಿದಾದಷ್ಟೂ ಗೇಟು ಅಗಲವಾಗಬೇಕು. ಶಿಡ್ಲಘಟ್ಟದ ಕಡೆ ಹಿಪ್ಪುನೇರಳೆ ಸೊಪ್ಪಿನ ಲೋಡು, ಚಿಂತಾಮಣಿ ಕಡೆ ಟೊಮೆಟೊ ಗಾಡಿ, ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ, ಹೂವು, ಗೌರಿಬಿದನೂರಿನ ಕಡೆ ಮೆಕ್ಕೆಜೋಳ. ಬೆಳೆ ಬೇರೆ ಬೇರೆ, ಗಾಡಿ ತಿರುಗಿಸೋ ಕಷ್ಟ ಮಾತ್ರ ಎಲ್ಲ ಕಡೆ ಒಂದೇ.

ನಮ್ಮ ಮನೆ, ಹುಳು ಮನೆ ಎರಡೂ ಒಂದೇ ಕಾಂಪೌಂಡಿನಲ್ಲಿವೆ. ಬಾಗಿಲಿಗೆ ಬಿಟ್ಟ ಜಾಗ 18 ಅಡಿ. ಎರಡು ಬಾಗಿಲಿನ ಗೇಟು ಹಾಕಿದರೆ ಒಂದೊಂದು ರೆಕ್ಕೆ ಒಂಬತ್ತು ಅಡಿ. ಅದು ಒಳಕ್ಕೆ ತೆರೆಯೋಕೆ ಒಂಬತ್ತು ಅಡಿ ಅಂಗಳ ಯಾವಾಗಲೂ ಖಾಲಿ ಇರಬೇಕು. ಸೊಪ್ಪಿನ ಗಾಡಿ ನಿಂತಿದ್ದರೆ ಗೇಟು ಮುಚ್ಚೋ ಹಾಗಿಲ್ಲ. ಅಷ್ಟುದ್ದದ ರೆಕ್ಕೆಯ ಭಾರವೆಲ್ಲ ಹಿಂಜಿಗೆ, ಹಿಂಜಿನಿಂದ ಕಂಬಕ್ಕೆ ಬೀಳುತ್ತದೆ. ಕ್ರಮೇಣ ತುದಿ ಜೋತುಬಿದ್ದು ನೆಲ ಕೆರೆಯುತ್ತದೆ. ಅದಕ್ಕೇ ಪಕ್ಕಕ್ಕೆ ಸರಿಯುವ ಸ್ಲೈಡಿಂಗ್ ಗೇಟು ಅಂತ ತೀರ್ಮಾನವಾಯಿತು.

ಸ್ಲೈಡಿಂಗ್ ಗೇಟಿಗೆ ಮೊದಲು ನೋಡಬೇಕಾದ್ದು ಪಕ್ಕದ ಗೋಡೆ. ಬಾಗಿಲು 18 ಅಡಿ ಇದ್ದರೆ ಗೇಟು ಹತ್ತೊಂಬತ್ತೂವರೆ ಅಡಿ ಇರಬೇಕು. ಮುಚ್ಚಿದಾಗಲೂ ಅದರ ಬಾಲ ಕಂಬದ ಹಿಂದೆ ಒಂದೂವರೆ ಅಡಿ ಉಳಿಯಬೇಕಲ್ಲ. ಹಾಗಾಗಿ ಸರಿಸಿದ ಗೇಟು ನಿಲ್ಲೋಕೆ ಗೋಡೆಯುದ್ದಕ್ಕೂ 20 ಅಡಿ ಖಾಲಿ ಬೇಕು. ಆ ಜಾಗದಲ್ಲಿ ನಲ್ಲಿ, ಮೀಟರ್ ಪೆಟ್ಟಿಗೆ, ತುಳಸಿ ಕಟ್ಟೆ ಇದ್ದರೆ ಈಗಲೇ ಜಾಗ ಬದಲಿಸಿ. ಅಷ್ಟು ಜಾಗವೇ ಇಲ್ಲದವರು ಒಂದರ ಹಿಂದೊಂದು ಸರಿಯುವ ಎರಡು ತುಂಡಿನ ಗೇಟು ಮಾಡಿಸಬಹುದು.

ಇನ್ನು ತೂಕ. ನಮ್ಮವರಿಗೆ ಪೂರ್ತಿ ಶೀಟು ಹೊಡೆದು, ಮೇಲೆ ನವಿಲು ಕೂರಿಸಿದ ಆರಡಿ ಎತ್ತರದ ಗೇಟೇ ಬೇಕಿತ್ತು. ವೆಲ್ಡಿಂಗ್ ಅಂಗಡಿಯವರ ಎದುರಲ್ಲೇ ಕೂತು ಲೆಕ್ಕ ಹಾಕಿದೆವು. ಒಂದು ಮಿಲಿಮೀಟರ್ ದಪ್ಪದ ಕಬ್ಬಿಣದ ಶೀಟು ಚದರ ಮೀಟರಿಗೆ 7.85 ಕಿಲೋ ತೂಗುತ್ತದೆ. 16 ಗೇಜ್ ಅಂದರೆ ಸುಮಾರು 1.6 ಮಿಲಿಮೀಟರ್ ದಪ್ಪ. ನಮ್ಮ ಗೇಟಿಗೆ ಶೀಟೇ 137 ಕಿಲೋ, ಎರಡಿಂಚಿನ ಚದರ ಪೈಪಿನ ಚೌಕಟ್ಟು ಇನ್ನೊಂದು 80 ಕಿಲೋ. ಒಟ್ಟು ಹೆಚ್ಚುಕಡಿಮೆ 220 ಕಿಲೋ.

ಅದರ ಮೇಲೆ ಗಾಳಿ. ಆಷಾಢದಲ್ಲಿ ನಮ್ಮ ಬಯಲಲ್ಲಿ ಗಾಳಿ ಹೇಗೆ ಬೀಸ್ತದೆ ಅಂತ ನಿಮಗೇ ಗೊತ್ತು. ಗಂಟೆಗೆ 50 ಕಿಲೋಮೀಟರ್ ವೇಗದ ಗಾಳಿ ಚದರ ಮೀಟರಿಗೆ ಸುಮಾರು 12 ಕಿಲೋ ಭಾರದಷ್ಟು ಒತ್ತುತ್ತದೆ. ಪೂರ್ತಿ ಶೀಟಿನ ಗೇಟಾದರೆ ಒಟ್ಟು 130 ಕಿಲೋ, ಅದೂ ಅಡ್ಡಕ್ಕೆ! ಎರಡು ಚಕ್ರದ ಮೇಲೆ ನಿಂತ ಗೋಡೆಯನ್ನು ಯಾರೋ ಪಕ್ಕದಿಂದ ತಳ್ಳಿದ ಹಾಗೆ. ಹೀಗಾಗಿ ಕೆಳಗಿನ ಮೂರಡಿಗೆ ಮಾತ್ರ 18 ಗೇಜ್ ಶೀಟು, ಮೇಲಿನ ಮೂರಡಿಗೆ ಒಂದಿಂಚಿನ ಪೈಪು ಅಂತಾಯಿತು. ತೂಕ ಸುಮಾರು 180 ಕಿಲೋಗೆ ಇಳಿಯಿತು, ಗಾಳಿಗೂ ದಾರಿ ಸಿಕ್ಕಿತು. ಪೈಪುಗಳ ಮಧ್ಯೆ ನಾಲ್ಕಿಂಚಿಗಿಂತ ಹೆಚ್ಚು ಸಂದು ಬಿಡಬೇಡಿ, ಮಕ್ಕಳ ತಲೆ ಸಿಕ್ಕಿಕೊಳ್ಳಬಹುದು. ಕೆಳಗೆ ಶೀಟು ಇರೋದರಿಂದ ಇನ್ನೊಂದು ಅನುಕೂಲ, ಗೇಟು ಕಂಬ ದಾಟುವಾಗ ಪುಟ್ಟ ಮಕ್ಕಳ ಕೈ ಸಂದಿಗೆ ಸಿಗೋದಿಲ್ಲ. ನವಿಲು ಬೇಡವಾಯಿತು. ನಮ್ಮವರು ಎರಡು ದಿನ ಸಪ್ಪಗಿದ್ದರು.

ಹಣದ ವಿಷಯಕ್ಕೂ ಒಂದು ಮಾತು. ಕಿಲೋ ಲೆಕ್ಕದಲ್ಲಿ ಕೊಟ್ಟರೆ ಗೇಟು ಬೇಡದಷ್ಟು ಭಾರ ಆಗುವ ಭಯ, ಚದರಡಿ ಲೆಕ್ಕದಲ್ಲಿ ಕೊಟ್ಟರೆ ಪೈಪು ತೆಳುವಾಗುವ ಭಯ. ಯಾವ ಲೆಕ್ಕವಾದರೂ ಪೈಪಿನ ದಪ್ಪ, ಶೀಟಿನ ಗೇಜ್, ಚಕ್ರದ ಅಳತೆ ಚೀಟಿಯಲ್ಲಿ ಬರೆಸಿಕೊಳ್ಳಿ.

ನೆಲದ ಹಳಿಗೆ ಕಾಲುವೆಯಂಥ ಪಟ್ಟಿ ಬೇಡ ಅಂದೆ. ಸೊಪ್ಪಿನ ಕಡ್ಡಿ, ಸಗಣಿ, ಮಣ್ಣು ತುಂಬಿ ಚಕ್ರ ಕಚ್ಚಿಕೊಳ್ಳುತ್ತದೆ. ಆಂಗಲನ್ನು ಬೋರಲಾಗಿಟ್ಟು ಕಾಂಕ್ರೀಟಿನಲ್ಲಿ ಕೂರಿಸಿದರೆ ಏಣು ಮೇಲಿರುತ್ತದೆ, ಮಣ್ಣು ಪಕ್ಕಕ್ಕೆ ಜಾರುತ್ತದೆ. ಅದಕ್ಕೆ ನಡುವೆ ಗಾಡಿ ಕೊರೆದ ಬೇರಿಂಗ್ ಚಕ್ರ ಬೇಕು. ಲೋಡಿನ ಗಾಡಿ ಅದರ ಮೇಲೇ ಹಾಯುವುದರಿಂದ ಕಾಂಕ್ರೀಟು ಗಟ್ಟಿಯಾಗಿರಲಿ, ಕ್ಯೂರಿಂಗ್ ಮುಗಿಯುವ ತನಕ ಗಾಡಿ ಬಿಡಬೇಡಿ. ಗಾರೆಯವರ ನೀರಿನ ಟ್ಯೂಬಿನಿಂದ ಮಟ್ಟ ನೋಡಿಸಿ. 18 ಅಡಿಗೆ ನಾಲ್ಕಿಂಚು ಇಳಿಜಾರಿದ್ದರೂ ಸಾಕು, ಒಳ್ಳೆ ಬೇರಿಂಗಿನ ಗೇಟು ತಾನೇ ಉರುಳತೊಡಗಬಹುದು. ಮಟ್ಟ ಸರಿಯಿದ್ದರೆ ಅಷ್ಟು ಭಾರದ ಗೇಟೂ ಒಂದೇ ಕೈಗೆ ಸರಿಯುತ್ತದೆ. ನಮ್ಮತ್ತೆ ಹೇಳಿದ್ದು ಇಷ್ಟೇ: "ಗೇಟನ್ನ ನಾವು ತಳ್ಳಬೇಕು, ಗೇಟು ನಮ್ಮನ್ನ ತಳ್ಳಬಾರ್ದು ಕಣಮ್ಮ."

ಈಗ ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ. 2024ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಮಲ್ಲೇಶ್ವರದಲ್ಲಿ ಆಟದ ಮೈದಾನದ ಕಬ್ಬಿಣದ ಗೇಟು ಮೈಮೇಲೆ ಬಿದ್ದು ಒಬ್ಬ ಹುಡುಗ ತೀರಿಕೊಂಡ. ಆಡೋಕೆ ಅಂತ ಹೋದ ಮಗು. ಆ ಸುದ್ದಿ ಓದಿದ ಮೇಲೆ ಗೇಟು ಅಂದರೆ ನನಗೆ ಅಲಂಕಾರವಾಗಿ ಕಾಣೋದೇ ಇಲ್ಲ, ನಿಲ್ಲಿಸಿಟ್ಟ ಭಾರವಾಗಿ ಕಾಣುತ್ತದೆ. ಸ್ಲೈಡಿಂಗ್ ಗೇಟಿಗಂತೂ ಹಿಂಜು ಇಲ್ಲ, ಅದು ಚಕ್ರದ ಮೇಲೆ ಸುಮ್ಮನೆ ನಿಂತಿರುತ್ತದೆ. ಬೀಳದಂತೆ ಹಿಡಿಯುವುದು ಮೇಲಿನ ಗೈಡ್, ಓಡಿಹೋಗದಂತೆ ತಡೆಯುವುದು ಸ್ಟಾಪರ್. ಇವೆರಡರಲ್ಲಿ ಒಂದು ಇಲ್ಲದಿದ್ದರೂ, ಜೋರಾಗಿ ತಳ್ಳಿದ ದಿನ ಗೇಟಿನ ಬಾಲ ಗೈಡಿನಿಂದ ಆಚೆ ಬರುತ್ತದೆ, ಗೇಟು ಮಲಗುತ್ತದೆ. ಎದುರಿಗೆ ಯಾರಿದ್ದಾರೆ ಅಂತ ಅದು ನೋಡುವುದಿಲ್ಲ.

"ಸ್ಟಾಪರ್ ಒಂದು ಸಾಕು ಅಕ್ಕಾ, ಗೇಟು ಎಲ್ಲಿಗೂ ಹೋಗಲ್ಲ" ಅಂದರು ವೆಲ್ಡಿಂಗಿನವರು.

"ಹೋಗೋದು ಬೇಡ ಅಂತಾನೇ ಅಣ್ಣಾ ಹಾಕ್ಸೋದು. ನಮ್ಮನೇಲಿ ಗೇಟು ತಳ್ಳೋದು ನೀವಲ್ಲ, ಆರನೇ ಕ್ಲಾಸಿನ ಹುಡುಗಿ" ಅಂದೆ. ನಕ್ಕರು, ಆದರೆ ಹಾಕಿಕೊಟ್ಟರು.

ನಾವು ಮಾಡಿಸಿದ್ದು ಇಷ್ಟು. ಕಂಬದ ಹಿಂದೆ ಒಂದಡಿ ಅಂತರದಲ್ಲಿ ಎರಡು ಗೈಡ್ ಕಂಬ, ಎರಡರಲ್ಲೂ ಗೇಟಿನ ಮೇಲಂಚನ್ನು ಎರಡು ಬದಿಯಿಂದ ಹಿಡಿಯುವ ರೋಲರ್. ಪೂರ್ತಿ ಮುಚ್ಚಿದಾಗಲೂ ಬಾಲ ಎರಡರೊಳಗೂ ಇರಬೇಕು. ಹಳಿಯ ಎರಡೂ ತುದಿಗೆ ಕಾಂಕ್ರೀಟಿನಲ್ಲಿ ಹೂತ ಸ್ಟಾಪರ್. ಚಕ್ರ ಅದನ್ನೂ ಹತ್ತಿಬಿಟ್ಟರೆ ಅಂತ ಗೇಟಿನ ಚೌಕಟ್ಟಿಗೇ ಇನ್ನೊಂದು ಸ್ಟಾಪರ್, ಅದು ಗೈಡ್ ಕಂಬಕ್ಕೆ ತಾಗಿ ನಿಲ್ಲುತ್ತದೆ. ಮುಚ್ಚಿದ ತುದಿಯನ್ನು ಹಿಡಿದುಕೊಳ್ಳೋಕೆ ಎದುರು ಕಂಬದಲ್ಲಿ ಯು ಆಕಾರದ ಕ್ಲಾಂಪು. ಎಲ್ಲ ಸೇರಿ ಕೆಲವು ಕಿಲೋ ಕಬ್ಬಿಣ, ಅರ್ಧ ದಿನದ ಕೆಲಸ.

ಬಣ್ಣದ ದಿನವನ್ನು ಮಾತ್ರ ಹುಳುವೇ ನಿರ್ಧರಿಸಿತು. ರೇಷ್ಮೆ ಹುಳುವಿಗೆ ಘಾಟು ಆಗದು. ಗೂಡು ಬಿಡಿಸಿ ಮಾರ್ಕೆಟ್ಟಿಗೆ ಕಳಿಸಿದ ಮೇಲೆ, ಮುಂದಿನ ಚಾಕಿ ಬರುವ ಮೊದಲು ರೆಡ್ ಆಕ್ಸೈಡ್, ಬಣ್ಣ ಎರಡೂ ಮುಗಿಸಿದೆವು.

ನಿಮ್ಮ ಮನೆಯಲ್ಲೋ, ಮಕ್ಕಳ ಶಾಲೆಯಲ್ಲೋ, ಊರಿನ ಸಮುದಾಯ ಭವನದಲ್ಲೋ ಸರಿಸುವ ಗೇಟು ಇದ್ದರೆ ಇವತ್ತೇ ಒಮ್ಮೆ ನೋಡಿ. ಮಕ್ಕಳನ್ನು ದೂರ ಕಳಿಸಿ. ಎರಡೂ ತುದಿಗೆ ಸ್ಟಾಪರ್ ಇದೆಯೇ? ರೋಲರ್ ಸವೆದಿದೆಯೇ? ಮೇಲಂಚು ಹಿಡಿತದಲ್ಲಿದೆಯೇ? ಚಕ್ರ ಹಳಿ ಬಿಟ್ಟಿದ್ದರೆ ನೀವೇ ಎತ್ತಿ ಕೂರಿಸಲು ಹೋಗಬೇಡಿ. ಕೆಲಸದವರು ಬರುವ ತನಕ ಹಗ್ಗದಿಂದಲೋ ಸರಪಳಿಯಿಂದಲೋ ಕಂಬಕ್ಕೆ ಬಿಗಿದು, ಆ ಕಡೆ ಯಾರೂ ಓಡಾಡದ ಹಾಗೆ ನೋಡಿಕೊಳ್ಳಿ. ಶಾಲೆಯದಾದರೆ ಹೆಡ್‌ಮಾಸ್ಟರಿಗೆ ಒಂದು ಮಾತು ಹೇಳಿ ಬನ್ನಿ. ಮಕ್ಕಳು ಗೇಟಿನ ಮೇಲೆ ಹತ್ತಿ ಸವಾರಿ ಮಾಡಬಾರದು ಅಂತ ನಾವು ಎಷ್ಟು ಗದರಿದರೂ ಒಂದು ದಿನ ಹತ್ತೇ ಹತ್ತುತ್ತಾರೆ. ಅವತ್ತು ಗೇಟು ನಿಂತಿರಬೇಕು.