ಗರುಡನಿಗೆ ಕೈಮುಗಿಯುವ ನಾವು ಗೂಬೆಗೆ ಕಲ್ಲೆಸೆಯುವುದೇಕೆ?

ಚಾಕಣ: ಪುಣೆ-ನಾಶಿಕ್ ಹೆದ್ದಾರಿಯಲ್ಲಿ ಪುಣೆಯಿಂದ ಸುಮಾರು 30 ಕಿ. ಮೀ. ದೂರದ ಚಾಕಣವೆಂದರೆ ಹಿಂದೆ ನೆನಪಾಗುತ್ತಿದ್ದುದು ಈರುಳ್ಳಿ ಮಾರುಕಟ್ಟೆ ಮತ್ತು ಸಂಗ್ರಾಮದುರ್ಗ ಕೋಟೆ. ಇಂದು ಇದು ವಾಹನ ಕಾರ್ಖಾನೆಗಳ ಊರು. ಕಾರ್ಖಾನೆಗಳ ಹಿಂದೆಯೇ ಗೋದಾಮುಗಳು ಬಂದವು, ಗೋದಾಮುಗಳ ಹಿಂದೆ ವಸತಿ ಸಂಕೀರ್ಣಗಳು ಎದ್ದವು. 2025ರಲ್ಲಿ ಈ ಭಾಗಕ್ಕೆ ಮಹಾನಗರಪಾಲಿಕೆ ಬೇಕೆಂಬ ಮಾತೂ ಕೇಳಿಬಂತು. ಹೊಟೇಲು ನಡೆಸುವ ಕರಾವಳಿಯವರು, ಕಾರ್ಖಾನೆಗಳಲ್ಲಿ ದುಡಿಯುವ ಉತ್ತರ ಕರ್ನಾಟಕದವರು ಹೀಗೆ ನಮ್ಮವರೂ ಈ ಬೆಳವಣಿಗೆಯಲ್ಲಿ ಪಾಲುದಾರರು. ಆದರೆ ನಾವು ಮನೆ ಮಾಡಿಕೊಂಡ ಜಾಗದಲ್ಲಿ ನಮಗಿಂತ ಮೊದಲೇ ನೆಲೆಸಿದ್ದವರೂ ಇದ್ದಾರೆ. ಹುಲ್ಲುಗಾವಲಿನ ಮೇಲೆ ರೆಕ್ಕೆ ಬಡಿಯುತ್ತ ನಿಂತಲ್ಲೇ ನಿಲ್ಲುವ ರಾಮದಾಸ ಹದ್ದು (ಮರಾಠಿಗರ ಕಾಪ್ಶಿ ಘಾರ್), ಮಾರುಕಟ್ಟೆಯ ಮೇಲೆ ಸುತ್ತುವ ಕರಿ ಹದ್ದು, ಹಳೆಯ ಗೋಡೆಯ ಪೊಟರೆಯಲ್ಲಿ ಕೂರುವ ಹಾಲಕ್ಕಿ, ಕಣಜ ಗೂಬೆ. ಇವುಗಳ ಗತಿಯೇನು ಎಂಬುದು ಪಕ್ಷಿಪ್ರಿಯರ ಹವ್ಯಾಸದ ಪ್ರಶ್ನೆಯಷ್ಟೇ ಅಲ್ಲ.

ರಣಹದ್ದು ಕಲಿಸಿದ ಪಾಠ

ಬೇಟೆಹಕ್ಕಿ ಇಲ್ಲವಾದರೆ ಮನುಷ್ಯನಿಗೆ ನಷ್ಟವೇನು ಎಂದು ಕೇಳುವವರಿಗೆ ನಮ್ಮ ದೇಶದಲ್ಲೇ ಉತ್ತರವಿದೆ. 1990ರ ದಶಕದಿಂದ ರಣಹದ್ದುಗಳು ನಶಿಸತೊಡಗಿದವು. ಬಿಳಿ ಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಕಣ್ಮರೆಯಾದವು. ದನಕರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ ಕಳೇಬರದ ಮೂಲಕ ಹಕ್ಕಿಯ ಹೊಟ್ಟೆ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ ಎಂಬುದು 2004ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿಯಿತು. 2006ರಲ್ಲಿ ಪಶುಗಳಿಗೆ ಅದರ ಬಳಕೆಯನ್ನು ನಿಷೇಧಿಸುವಷ್ಟರಲ್ಲಿ ಕಾಲ ಮಿಂಚಿತ್ತು. ಕೊಳೆತ ಕಳೇಬರ, ಕೆಟ್ಟ ನೀರು, ಹೆಚ್ಚಿದ ಬೀದಿನಾಯಿಗಳು - ಇವುಗಳಿಂದಾಗಿ 2000ದಿಂದ 2005ರ ನಡುವೆ ಸುಮಾರು 5 ಲಕ್ಷ ಹೆಚ್ಚುವರಿ ಸಾವು ಸಂಭವಿಸಿತೆಂದು 2024ರಲ್ಲಿ ಪ್ರಕಟವಾದ ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು ಅಂದಾಜಿಸಿದೆ. ಕರ್ನಾಟಕ ಸರಕಾರ 2012ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದು ಧಾಮವೆಂದು ಘೋಷಿಸಿದ್ದು ಶ್ಲಾಘನೀಯವೇ. ಆದರೆ ಹೋದದ್ದನ್ನು ಮರಳಿ ತರುವುದಕ್ಕಿಂತ ಇರುವುದನ್ನು ಉಳಿಸಿಕೊಳ್ಳುವುದು ಸುಲಭ ಎನ್ನುವುದರಲ್ಲಿ ಎರಡು ಮಾತಿಲ್ಲ.

ದಾರ ಮತ್ತು ವಿಷ

ಚಾಕಣದಂತಹ ಬೆಳೆಯುವ ಊರಿನಲ್ಲಿ ಈ ಹಕ್ಕಿಗಳಿಗೆ ಎದುರಾಗುವ ಅಪಾಯಗಳಲ್ಲಿ ಎರಡು ನೇರವಾಗಿ ನಮ್ಮ ಕೈಯಲ್ಲೇ ಇವೆ.

ಮೊದಲನೆಯದು ಗಾಳಿಪಟದ ನೈಲಾನ್ ಮಾಂಜಾ. ಸಂಕ್ರಾಂತಿಯ ದಿನಗಳಲ್ಲಿ ಮಕ್ಕಳು ಗಾಳಿಪಟ ಹಾರಿಸುವ ಹೊತ್ತೇ ಹದ್ದುಗಳು ಗೂಡು ಕಟ್ಟುವ, ಮರಿ ಮಾಡುವ ಕಾಲ. ನೈಲಾನ್ ದಾರ ಕೊಳೆಯುವುದಿಲ್ಲ. ಹಬ್ಬ ಮುಗಿದು ತಿಂಗಳುಗಳಾದರೂ ಮರ, ತಂತಿಗಳಲ್ಲಿ ನೇತಾಡುತ್ತ ರೆಕ್ಕೆಯನ್ನು ಕೊಯ್ಯುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ಇದನ್ನು ದೇಶದಾದ್ಯಂತ ನಿಷೇಧಿಸಿದೆ. ಆದರೂ ಕದ್ದುಮುಚ್ಚಿ ಮಾರಾಟ ನಡೆಯುತ್ತಿರುವುದು ವಿಷಾದನೀಯ. ಇದು ಹಕ್ಕಿಯನ್ನಷ್ಟೇ ಕೊಲ್ಲುವುದಿಲ್ಲ. 2018ರ ಅಕ್ಟೋಬರಿನಲ್ಲಿ, ನಾವು ಪುಣೆಯಿಂದ ಚಾಕಣಕ್ಕೆ ಬರುವ ಹಾದಿಯಲ್ಲೇ ಸಿಗುವ ನಾಶಿಕ್ ಫಾಟಾ ಮೇಲ್ಸೇತುವೆಯಲ್ಲಿ, ದ್ವಿಚಕ್ರ ವಾಹನದಲ್ಲಿ ಸಾಗುತ್ತಿದ್ದ ಯುವ ವೈದ್ಯೆಯೊಬ್ಬರು ಮಾಂಜಾ ಕೊರಳಿಗೆ ಸುತ್ತಿ ಪ್ರಾಣ ಕಳೆದುಕೊಂಡರು.

ಎರಡನೆಯದು ಇಲಿಪಾಷಾಣ. ಗೋದಾಮು, ಹೊಟೇಲು, ಸೊಸೈಟಿಗಳಲ್ಲಿ ಇಲಿಗಳ ಕಾಟ ನಿಜವೇ. ಆದರೆ ಇಂದು ಹೆಚ್ಚಾಗಿ ಬಳಸುವ ವಿಷ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದಿ, ಕೆಲವು ದಿನ ನಿಧಾನವಾಗಿ ತೆವಳುತ್ತ ಬಯಲಿಗೆ ಬರುತ್ತದೆ. ಅಂತಹ ಇಲಿಯೇ ಗೂಬೆಗೆ ಸುಲಭದ ತುತ್ತು. ವಿಷ ಗೂಬೆಯ ಯಕೃತ್ತಿನಲ್ಲಿ ಸಂಗ್ರಹವಾಗುತ್ತದೆ. ರಾತ್ರಿಯಿಡೀ ಸಂಬಳವಿಲ್ಲದೆ ಇಲಿ ಹಿಡಿಯುವ ಕಾವಲುಗಾರನಿಗೆ ನಾವೇ ವಿಷವಿಟ್ಟಂತಾಗುತ್ತದೆ. ಧಾನ್ಯವನ್ನು ಭದ್ರವಾಗಿಡುವುದು, ಕಸವನ್ನು ಅಂದಂದೇ ವಿಲೇವಾರಿ ಮಾಡುವುದು, ಬಿಲ-ಸಂದುಗಳನ್ನು ಮುಚ್ಚುವುದು, ಬೋನು ಇಡುವುದು ಕೊಂಚ ಶ್ರಮದ ದಾರಿಯಾದರೂ ಫಲ ಸ್ಥಿರ.

ನಂಬಿಕೆಯ ಇಬ್ಬಂದಿ

ನಮ್ಮ ಕರಾವಳಿಯಲ್ಲಿ ಬ್ರಹ್ಮಕಲಶದ ಹೊತ್ತಿಗೆ ಗರುಡ ಸುತ್ತು ಹಾಕಿದರೆ ಭಕ್ತರು ತಲೆಯೆತ್ತಿ ಕೈಮುಗಿಯುತ್ತಾರೆ. ಅದೇ ಗೂಬೆ ಮನೆಯ ಮೇಲೆ ಕೂತರೆ ಅಪಶಕುನ, ಒಳಹೊಕ್ಕರೆ ಮನೆಯನ್ನೇ ಬಿಡಬೇಕೆಂಬ ಭಯ. ಲಕ್ಷ್ಮಿಯ ವಾಹನವೆನ್ನುವುದೂ ಅದನ್ನೇ, ದೀಪಾವಳಿಯ ಹೊತ್ತಿಗೆ ಮಾಟ-ಮಂತ್ರಕ್ಕೆಂದು ಹಿಡಿದು ಮಾರುವುದೂ ಅದನ್ನೇ. ಮಾಡದ ತಪ್ಪಿಗೆ ಇನ್ನೊಬ್ಬರ ಮೇಲೆ ಗೂಬೆ ಕೂರಿಸುವ ನಾವು, ಇಲ್ಲಿ ಗೂಬೆಯ ಮೇಲೆಯೇ ಗೂಬೆ ಕೂರಿಸುತ್ತಿದ್ದೇವೆ! ಇದೇ ಪುಣೆ ಜಿಲ್ಲೆಯ ಪುರಂದರ ತಾಲೂಕಿನ ಪಿಂಗೋರಿ ಗ್ರಾಮದಲ್ಲಿ ಇಲಾ ಫೌಂಡೇಶನ್ 2018ರಲ್ಲಿ ಗೂಬೆಗಳ ಉತ್ಸವವನ್ನೇ ಏರ್ಪಡಿಸಿ, ಮಕ್ಕಳ ಮೂಲಕ ಈ ಭಯವನ್ನು ಹೋಗಲಾಡಿಸಲು ಮುಂದಾದುದು ಗಮನಾರ್ಹ.

ಹಾಗೆಂದು ತೊಂದರೆಯೇ ಇಲ್ಲವೆಂದು ಹೇಳಲಾಗದು. ಮರಿಗಳಿರುವಾಗ ಹದ್ದು ತಾರಸಿಗೆ ಬಂದವರ ತಲೆಗೆ ಎರಗುವುದುಂಟು. ಸೊಸೈಟಿಯ ಸಭೆಯಲ್ಲಿ ಗೂಡು ಕೀಳಿಸಿ ಎಂಬ ಕೂಗು ಏಳುವುದು ಆಗಲೇ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ರಕ್ಷಿತ ಹಕ್ಕಿಯ ಗೂಡು, ಮೊಟ್ಟೆಗಳಿಗೆ ಧಕ್ಕೆ ಮಾಡುವುದೂ ಬೇಟೆಗೆ ಸಮಾನ. ಮರಿ ಹಾರುವ ತನಕ, ಕೆಲವೇ ವಾರಗಳು, ಆ ಮೂಲೆಗೆ ಹೋಗದಿರುವುದು ಅಥವಾ ಕೊಡೆ ಹಿಡಿದು ಹೋಗುವುದು ಸಾಕಾಗುತ್ತದೆ.

ಸಂಘಗಳು ಏನು ಮಾಡಬಹುದು?

ಕಾನೂನು ಎಷ್ಟಿದ್ದರೂ ಊರು ಮನಸ್ಸು ಮಾಡದೆ ಫಲವಿಲ್ಲ. ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ 2012ರಲ್ಲಿ ಲಕ್ಷಕ್ಕೂ ಹೆಚ್ಚು ಅಮುರ್ ಫಾಲ್ಕನ್‌ಗಳನ್ನು ಬಲೆ ಹಾಕಿ ಕೊಂದದ್ದು ಜಗತ್ತಿಗೆ ಸುದ್ದಿಯಾಯಿತು. ಪಾಂಗ್ತಿ ಮೊದಲಾದ ಹಳ್ಳಿಗಳ ಹಿರಿಯರು ಒಟ್ಟು ಸೇರಿ ಬೇಟೆ ಬೇಡವೆಂದು ತೀರ್ಮಾನಿಸಿದರು. ಮರುವರ್ಷವೇ ಆ ಹತ್ಯೆ ನಿಂತಿತು. ಆಫ್ರಿಕಕ್ಕೆ ಸಾಗುವ ಅದೇ ಹಕ್ಕಿಗಳು ನಮ್ಮ ಲೋಣಾವಳದ ಆಕಾಶದಲ್ಲೂ ಕಾಣಸಿಗುತ್ತವೆ.

ಹಳ್ಳಿಯ ಹಿರಿಯರು ಮಾಡಿದ್ದನ್ನು ನಮ್ಮ ಸಂಘಗಳಿಗೆ ಮಾಡಲಾಗದೇ? ಸಂಕ್ರಾಂತಿಯ ಅರಶಿನ ಕುಂಕುಮ ಕಾರ್ಯಕ್ರಮದಲ್ಲಿ ಎಳ್ಳು-ಬೆಲ್ಲದ ಜೊತೆಗೆ, ಮಕ್ಕಳಿಗೆ ನೈಲಾನ್ ಮಾಂಜಾ ಕೊಡಿಸಬೇಡಿ ಎಂಬ ಒಂದು ಮಾತೂ ಸೇರಲಿ. ಹಬ್ಬದ ಮರುದಿನ ಯುವ ವಿಭಾಗದವರು ಕೈಗೆಟಕುವ ದಾರಗಳನ್ನು ಸಂಗ್ರಹಿಸಲಿ. ವಿದ್ಯುತ್ ತಂತಿಯ ಗೊಡವೆ ಮಾತ್ರ ಬೇಡ. ನಮ್ಮ ಹೊಟೇಲು ಉದ್ಯಮಿಗಳು ಇಲಿಪಾಷಾಣಕ್ಕೆ ಬದಲು ಬೋನನ್ನು ಬಳಸಿ ಮೇಲ್ಪಂಕ್ತಿ ಹಾಕಲಿ. ಗಾಯಗೊಂಡ ಹಕ್ಕಿ ಕಂಡರೆ ನೀರು, ಅನ್ನ ತುರುಕದೆ, ಬಟ್ಟೆ ಹೊದಿಸಿ ಎತ್ತಿ, ತೂತುಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಲ್ಲಿಟ್ಟು ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಕರೆ ಮಾಡಬೇಕು.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರು ನಾವು. ಈ ನೆಲ ನಮಗೆ ಜಾಗ ಕೊಟ್ಟಿತು. ನೆಲೆ ತಪ್ಪುವುದೆಂದರೇನು ಎಂಬುದನ್ನು ಬಲ್ಲ ನಾವೇ ಇಲ್ಲಿಯ ಹಕ್ಕಿಗಳ ನೆಲೆಯನ್ನು ಕಾಯುವುದರಲ್ಲಿ ಮುಂದಾಗಬೇಕು.